ಹಸಿರು ದೀಪ ಬರುವ ಹೊತ್ತು

ಫೆಬ್ರವರಿ ೩, ಸೋಮವಾರ. ಆಸ್ಪತ್ರೆಯ ಪಾರ್ಕಿಂಗ್, ಬೆಳಿಗ್ಗೆ

ಪ್ಲಗ್ ಹಾಕಿದೆ. ಕೆಂಪು ದೀಪ ಬಂತು. ನನ್ನ ಬ್ಯಾಟರಿ ಗೂಡ್ಸ್ ಗಾಡಿಯ ಮೀಟರಿನ ಹತ್ತು ಗೆರೆಗಳಲ್ಲಿ ಎರಡೇ ಉಳಿದಿದ್ದವು. ಆ ಫ್ಲೈಓವರ್ ಹತ್ತಿ ಇಳಿದು ಬಂದರೆ ಯಾವಾಗಲೂ ಇಷ್ಟೇ. ಗೇಟಿನ ಮಾವ ತಮ್ಮ ಕ್ಯಾಬಿನ್ನಿನ ಚಹಾ ಕೆಟಲ್ ಕಿತ್ತು ನನಗೆ ಸಾಕೆಟ್ ಬಿಟ್ಟುಕೊಟ್ಟರು. ಈ ಆಸ್ಪತ್ರೆಯ ಸೆಕ್ಯೂರಿಟಿ, ಸಂಬಂಧದಲ್ಲಿ ನಮಗೆ ಯಾರೂ ಅಲ್ಲ, ಆದರೂ ನನ್ನ ಸ್ವಂತ ಮಾವಂದಿರಿಗಿಂತ ಎಷ್ಟೋ ವಾಸಿ. ಒಂದೇ ದೋಷ — ಕುರ್ಚಿ ಬಿಟ್ಟು ಏಳುವುದಿಲ್ಲ. ದೊಡ್ಡ ಡಾಕ್ಟರ್ ಕಾರು ಬಂದರೂ ಕೂತಲ್ಲಿಂದಲೇ ಸಲಾಮು.

"ಇವತ್ತು ಎಷ್ಟೊತ್ತಮ್ಮ?" ಎಂದರು.

"ನಾಲ್ಕೂವರೆ ಗಂಟೆ ಮಾವ."

"ನಾನು ಐದು ಅಂತೀನಿ."

ಹೇಳಲಿ ಪಾಪ. ಗೆಲ್ಲುವುದು ನಾನೇ. ಒಂದು ಗೆರೆಗೆ ಅರ್ಧ ಗಂಟೆ. ಕೊನೆಯ ಗೆರೆ ಮಾತ್ರ ಹಟಮಾರಿ — ಮಗುವಿಗೆ ಕೊನೆಯ ತುತ್ತು ತಿನ್ನಿಸಿದ ಹಾಗೆ, ಅದಕ್ಕೆ ಇನ್ನೊಂದು ಅರ್ಧ ಗಂಟೆ ಜಾಸ್ತಿ ಹಿಡಿಯಬೇಕು. ಗಾಡಿ ಮಾರಿದವರು ಬೇರೆ ಏನೋ ಹೇಳಿದ್ದರು. ಅದು ಅವರ ಬಾಯಿ ಲೆಕ್ಕ, ಇದು ನನ್ನ ಬದುಕಿನ ಲೆಕ್ಕ.

ಅಕ್ಕ ಒಳಗೆ ಡಯಾಲಿಸಿಸ್ ಮೆಷಿನ್ನಿಗೆ ಅಂಟಿಕೊಂಡಿದ್ದಾಳೆ. ಸೋಮವಾರ, ಗುರುವಾರ. ಅವಳದು ನಾಲ್ಕು ಗಂಟೆ. ಮುಗಿದರೆ ಸಿಸ್ಟರ್ ಬಾಗಿಲಿಗೆ ಬಂದು ಕೈ ಬೀಸುತ್ತಾರೆ, ನಾನು ಹೋಗಿ ಕರೆದುಕೊಂಡು ಬರುತ್ತೇನೆ. ಆಮೇಲೂ ಗಾಡಿ ಅರ್ಧ ಗಂಟೆ ಕುಡಿಯುತ್ತಲೇ ಇರುತ್ತದೆ. ಅಷ್ಟು ಹೊತ್ತು ಇಬ್ಬರೂ ಹಿಂದೆ, ಲಾಂಡ್ರಿಯ ಬೆಡ್‌ಶೀಟ್ ಗಂಟುಗಳ ಮೇಲೆ ಕಾಲು ಚಾಚಿ ಕೂತಿರುತ್ತೇವೆ.

ಇಲ್ಲಿಂದ ನೇರ ಹೋಟೆಲಿಗೆ, ಒಗೆದ ಶೀಟು ತಲುಪಿಸಲು. ಅಲ್ಲಿ ಹೌಸ್‌ಕೀಪಿಂಗ್ ಮೇಡಂ ಕೈಗಡಿಯಾರ ನೋಡಿಕೊಂಡೇ ನಿಂತಿರುತ್ತಾಳೆ.

ಫೆಬ್ರವರಿ ೬, ಗುರುವಾರ

ಸರಿಯಾಗಿ ನಾಲ್ಕೂವರೆ. ಮಾವ ಸೋತರು. ಚಹಾ ಕುಡಿಸಿದರು.

ಅಕ್ಕ ಗಂಟಿನ ಮೇಲೆ ಒರಗಿಕೊಂಡು, "ಇವತ್ತು ನಾನು ಕೂತ ಶೀಟಿನ ಮೇಲೆ ಯಾವ ಸಾಹೇಬ ಮಲಗ್ತಾನೋ ಪಾಪ," ಎಂದಳು. ಹಳೆಯ ಕಂಬಳಿ ಹಾಸಿಯೇ ಕೂರಿಸಿರುತ್ತೇನೆ, ಆದರೂ ಈ ಮಾತು ಪ್ರತಿ ಸಲ ಬೇಕು ಅವಳಿಗೆ. ಆಮೇಲೆ ಚಾರ್ಜರಿನ ಕಡೆ ನೋಡಿ, "ನಾನೂ ನಿನ್ನ ಗಾಡಿಯೂ ಒಂದೇ ಜಾತಿ ನೋಡೆ. ಚುಚ್ಚಿಟ್ರೆ ಉಂಟು, ಇಲ್ಲಾಂದ್ರೆ ಇಲ್ಲ."

"ಆದರೆ ಗಾಡಿ ಬಾಯಿ ಮಾಡಲ್ಲ ಅಕ್ಕ."

"ಅದಕ್ಕೇ ಅದಕ್ಕೆ ಜಾಸ್ತಿ ಹೊತ್ತು ಬೇಕು. ನಾನು ನಾಲ್ಕೇ ಗಂಟೆಗೆ ಮುಗಿಸ್ತೀನಿ."

ಯಾರು ಮೊದಲು ಎನ್ನುವ ಪಂದ್ಯ ಶುರುವಾಗಿದೆ ಈಗ, ಅವಳಿಗೂ ಗಾಡಿಗೂ. ಪ್ರತಿ ಸಲ ಅವಳದೇ ಗೆಲುವು. ಸೂಜಿ ತೆಗೆದ ಕೈಗೆ ಹತ್ತಿ ಒತ್ತಿಕೊಂಡು ನಗುತ್ತಾಳೆ. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದ ಕೈ ಅದು. ಈಗ ಅದರ ತುಂಬ ಕಂದು ಕಲೆ. ನೋಡದೆ ಇರಲಾಗುವುದಿಲ್ಲ.

ಹೋಟೆಲಿಗೆ ತಡ. ಮೇಡಂ ನಾಲ್ಕು ಜನರ ಎದುರಿಗೆ ಬೈದಳು. ಕೈಕಟ್ಟಿ ನಿಂತಿದ್ದೆ. ಅಕ್ಕ ಗಾಡಿಯಲ್ಲಿದ್ದಳು, ಕೇಳಿಸಿಕೊಂಡಿರಬೇಕು.

ಫೆಬ್ರವರಿ ೨೦, ಗುರುವಾರ

ವಿಚಿತ್ರ. ನಾಲ್ಕೇ ಗಂಟೆಯಲ್ಲಿ ಹಸಿರು ದೀಪ. ಬರುವಾಗ ಒಂದೇ ಗೆರೆ ಉಳಿದಿತ್ತು (ಗಂಟು ಭಾರ ಇತ್ತು ಇವತ್ತು). ಆ ಲೆಕ್ಕಕ್ಕೆ ಐದು ಗಂಟೆ ಆಗಬೇಕಿತ್ತು. ಮಾವ ಮೀಸೆ ತಿರುವಿದರು — "ಸಾಕೆಟ್ ಹೊಸದು ಹಾಕಿಸಿದ್ದೀನಲ್ಲಮ್ಮ. ಹಳೇದು ಸುಟ್ಟಿತ್ತು." ಹಾಗಿದ್ದರೆ ಸರಿ. ಚಳಿಯೂ ಹೋಯಿತು, ಬಿಸಿಲಿಗೆ ಬ್ಯಾಟರಿ ಚುರುಕಾಗುತ್ತದೆ.

ಅಕ್ಕನೂ ಗಾಡಿಯೂ ಒಟ್ಟಿಗೇ ಮುಗಿಸಿದರು. ಕಾಯುವ ಅರ್ಧ ಗಂಟೆ ಉಳಿಯಿತು. ಹೋಟೆಲಿಗೆ ಹೊತ್ತಿಗೆ ಸರಿಯಾಗಿ ಹೋದೆ. ಮೇಡಂ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಹೊಗಳಿದಳು ಅಂತಲೇ ಅರ್ಥ.

ಮಾರ್ಚ್ ೩, ಸೋಮವಾರ

ಮೂರೂವರೆ! ಅಂದಾಜು ಹೊಸದಾಗಿ ಹಾಕಿಕೊಳ್ಳಬೇಕು. ಗೆರೆಗೆ ಅರ್ಧ ಗಂಟೆ ಎನ್ನುವುದೆಲ್ಲ ಹಳೆಯ ಕಾಲ. ಕೊನೆಯ ಗೆರೆಯೂ ಹಟ ಮಾಡುತ್ತಿಲ್ಲ, ಚಕ್ಕನೆ ತುಂಬಿಕೊಳ್ಳುತ್ತದೆ.

ಅಕ್ಕ ಬಂದಾಗ ಗಾಡಿ ಆಗಲೇ ತಯಾರಾಗಿ ನಿಂತಿತ್ತು. ಅವಳಿಗೆ ಆಶ್ಚರ್ಯ. ಹಸಿರು ದೀಪವನ್ನೇ ನೋಡಿದಳು.

"ಎಷ್ಟೊತ್ತಾಯ್ತು ತುಂಬಿ?"

"ಆಗಲೇ ಅರ್ಧ ಗಂಟೆ ಆಯ್ತು. ಈಗ ನೀನೇ ತಡ. ಸೋತೆ ಅಂತ ಒಪ್ಕೋ."

"ಅಂದ್ರೆ ನನಗೋಸ್ಕರ ನೀನು ಸುಮ್ನೆ ಕಾಯ್ತಿದ್ದೆ."

"ಮತ್ತಿನ್ನೇನು. ರಾಣಿಯಮ್ಮ ಒಳಗೆ ಮಲಗಿದ್ರೆ ಬಡಪಾಯಿ ಹೊರಗೆ ಕಾಯ್ಬೇಕಲ್ಲ."

ನಕ್ಕೆವು. ಅವಳು ಸ್ವಲ್ಪ ಕಡಿಮೆಯೇ ನಕ್ಕಳು. ಸುಸ್ತು ಇರಬೇಕು.

ಮಾರ್ಚ್ ೧೩, ಗುರುವಾರ

ಒಳ್ಳೆಯ ದಿನ. ಬರೆದಿಡುತ್ತೇನೆ, ಅಪರೂಪ.

ಮೂರು ಗಂಟೆ ಕಳೆದಿತ್ತಷ್ಟೇ, ಸಿಸ್ಟರ್ ಬಾಗಿಲಿಗೆ ಬಂದು ಕೈ ಬೀಸಿದರು. ನಾನಿನ್ನೂ ಬುತ್ತಿಯನ್ನೇ ಬಿಚ್ಚಿರಲಿಲ್ಲ. ಹೆದರಿ ಓಡಿದೆ. ಅಕ್ಕ ಆರಾಮಾಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಡಾಕ್ಟರೇ ಹೇಳಿದ್ರು. ಈಗ ಇಷ್ಟು ಸಾಕಂತೆ ನಂಗೆ."

"ಹೌದಾ? ಸುಧಾರಿಸಿದೆಯಂತಾ?"

"ಸುಧಾರಿಸದೆ ಏನು. ನಿನ್ನ ಗಾಡಿಗೇ ಬುದ್ಧಿ ಬಂದ ಮೇಲೆ ನನಗೆ ಬರಲ್ವಾ?"

ದೇವರೇ, ಎಷ್ಟು ಹಗುರಾಯಿತು. ನಾಲ್ಕರಿಂದ ಮೂರಕ್ಕೆ ಇಳಿದಿದೆ ಎಂದರೆ ನಾಳೆ ಎರಡಕ್ಕೆ ಇಳಿಯಬಹುದು. ಯಾರಿಗೆ ಗೊತ್ತು, ವಾರಕ್ಕೆ ಒಂದೇ ಸಲವೂ ಆಗಬಹುದು. ಗಾಡಿಯೂ ಆ ಹೊತ್ತಿಗೆ ಹೆಚ್ಚುಕಡಿಮೆ ತುಂಬಿತ್ತು. ಹೋಟೆಲಿಗೆ ಎಲ್ಲರಿಗಿಂತ ಮೊದಲು ಹೋದೆ. ಮೇಡಂ ಗಡಿಯಾರ ನೋಡಿ, ನನ್ನನ್ನು ನೋಡಿ, ಮತ್ತೆ ಗಡಿಯಾರ ಅಲ್ಲಾಡಿಸಿ ನೋಡಿದಳು.

ಅಕ್ಕ ಮನೆಯಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಹೊಟ್ಟೆ ತುಂಬಿತಂತೆ.

ಮಾರ್ಚ್ ೨೪, ಸೋಮವಾರ

ಮೂರು ಗಂಟೆ. ಇಬ್ಬರದೂ.

ಅಕ್ಕನ ಚಪ್ಪಲಿ ಬಿಗಿಯಂತೆ. ಪಾದ ಊದಿದೆ. ಕೇಳಿದ್ದಕ್ಕೆ, "ತುಂಬಿದ ಕೊಡ ತುಳುಕಲ್ಲ ಅಂತಾರೆ, ನಾನು ನೋಡು, ತುಂಬಿ ತುಳುಕ್ತಾ ಇದ್ದೀನಿ," ಎಂದಳು. ನೀರು ಜಾಸ್ತಿ ಕುಡಿದೆಯಾ ಎಂದು ಗದರಿದೆ. ಇಲ್ಲವಂತೆ. ನನ್ನದೊಂದು ದೊಡ್ಡ ಚಪ್ಪಲಿ ಕೊಟ್ಟೆ.

ದಿಂಬು ಎರಡು ಬೇಕಂತೆ ಮಲಗಲು. ತಗ್ಗಿದರೆ ಉಸಿರು ಕಟ್ಟಿದ ಹಾಗಾಗುತ್ತದೆಯಂತೆ. ಸೆಕೆಗೆ ಇರಬಹುದು.

ಏಪ್ರಿಲ್ ೩, ಗುರುವಾರ

ಫ್ಲೈಓವರಿನ ಮೇಲೆ ಗಾಡಿ ನಿಂತುಹೋಯಿತು.

ಮೀಟರಿನಲ್ಲಿ ನಾಲ್ಕು ಗೆರೆ ಇತ್ತು. ನೋಡನೋಡುತ್ತ ಒಂದು. ಆಮೇಲೆ ಏನೂ ಇಲ್ಲ. ಹಿಂದೆ ಲಾರಿ, ಬಸ್ಸು, ಹಾರ್ನು. ಆಸ್ಪತ್ರೆಯಿಂದ ಪೂರ್ತಿ ತುಂಬಿಸಿಕೊಂಡು ಹೊರಟಿದ್ದೆವು. ಹಸಿರು ದೀಪ ಕಣ್ಣಾರೆ ನೋಡಿದ್ದೆ.

ಬೈಕಿನವರಿಬ್ಬರು ಇಳಿದು ತಳ್ಳಿದರು. ನಾನು ಹ್ಯಾಂಡಲ್ ಹಿಡಿದಿದ್ದೆ. ಹಿಂದೆ ತಿರುಗಿದರೆ ಅಕ್ಕ ಗಂಟಿನಿಂದ ಇಳಿದು ನಡೆದು ಬರುತ್ತಿದ್ದಾಳೆ. ಭಾರ ಕಡಿಮೆಯಾಗಲಿ ಅಂತ. ಬೇಡ ಹತ್ತು ಎಂದು ಕೂಗಿದೆ. ಕಂಬಿ ಹಿಡಿದು ನಿಂತುಬಿಟ್ಟಳು. ಬಾಯಿ ತೆರೆದಿತ್ತು. ಮೀನಿನ ಹಾಗೆ. ಮಾತು ಬರಲಿಲ್ಲ ಅವಳಿಗೆ, ಕೈಯಲ್ಲೇ ಏನಿಲ್ಲ ಏನಿಲ್ಲ ಎಂದಳು.

ಧೂಳಿಗೆ ಹಾಗಾಯಿತಂತೆ.

ಹೋಟೆಲಿಗೆ ಹೋಗಲಾಗಲಿಲ್ಲ. ಮೇಡಂ ಫೋನ್ ಎತ್ತಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಮೆಕ್ಯಾನಿಕ್ ಹತ್ತಿರ ಎಳೆಸಿಕೊಂಡು ಹೋದೆ. ಅವನು ಸೀಟು ಎತ್ತಿ ಬ್ಯಾಟರಿಗೆ ಏನೇನೋ ತಂತಿ ಚುಚ್ಚಿ ನೋಡಿದ. ನಾನು ಜಂಬದಿಂದಲೇ ಹೇಳಿದೆ — ಚಾರ್ಜಿಂಗ್ ಏನೂ ತೊಂದರೆ ಇಲ್ಲಪ್ಪ, ಮೊದಲಿಗಿಂತ ಬೇಗ ಆಗುತ್ತದೆ, ಮೂರೇ ಗಂಟೆ.

ಅವನು ತಲೆ ಎತ್ತಿದ. "ಯಾವಾಗಿಂದ?"

"ಒಂದೂವರೆ ತಿಂಗಳಾಯ್ತು."

"ಆವಾಗ್ಲೇ ಬರೋದಲ್ವಾ ಅಕ್ಕ. ಅದು ಬೇಗ ತುಂಬ್ತಿಲ್ಲ. ಅದರ ಹೊಟ್ಟೆ ಚಿಕ್ಕದಾಗ್ತಾ ಇದೆ. ಚೊಂಬು ಇದ್ದದ್ದು ಲೋಟ ಆಗಿದೆ. ಲೋಟ ಬೇಗ ತುಂಬುತ್ತೆ ತಾನೆ? ದೀಪಕ್ಕೇನು ಗೊತ್ತು, ತುಂಬ್ತು ಅಂತ ಹಸಿರು ತೋರ್ಸುತ್ತೆ."

ಸಾಕೆಟ್ ಹೊಸದು, ಬಿಸಿಲು, ಅಂತೆಲ್ಲ ಲೆಕ್ಕ ಹಾಕಿದ್ದೆ. ಒಂದೂವರೆ ತಿಂಗಳು ಬ್ಯಾಟರಿ ಸಾಯುತ್ತಿತ್ತು, ನಾನು ಪಂದ್ಯ ಗೆದ್ದೆ ಅಂತ ಚಹಾ ಕುಡಿಯುತ್ತಿದ್ದೆ.

ಮನೆಗೆ ನಡೆದು ಬಂದೆ. ದಾರಿಯಲ್ಲಿ ಅರ್ಧಕ್ಕೆ ಕಾಲು ನಿಂತಿತು. ಅಕ್ಕನಿಗೂ ಮೂರೇ ಗಂಟೆ. ಎರಡೇ ತುತ್ತಿಗೆ ಹೊಟ್ಟೆ ತುಂಬುತ್ತದೆ.

ಯಾವ ಡಾಕ್ಟರು ಹೇಳಿದ್ದು? ನಾನು ಕೇಳಲೇ ಇಲ್ಲ.

ಏಪ್ರಿಲ್ ೭, ಸೋಮವಾರ. ಪಾರ್ಕಿಂಗ್

ಆಟೋದಲ್ಲಿ ಬಂದೆವು. ಅಕ್ಕನನ್ನು ಒಳಗೆ ಬಿಟ್ಟು ಸಿಸ್ಟರನ್ನು ಕಾರಿಡಾರಿಗೆ ಕರೆದು ಕೇಳಿದೆ.

"ಡಾಕ್ಟರ್ ಯಾಕೆ ಹೇಳ್ತಾರೆ?" ಎಂದರು. "ನಾಲ್ಕು ಗಂಟೆ ಬೇಕೇ ಬೇಕು ಅವರಿಗೆ. ಪ್ರತಿ ಸಲ ಹಟ ಮಾಡಿ ಬಿಡಿಸ್ಕೊಂಡು ಹೋಗ್ತಾರೆ. ನಾವು ಎಷ್ಟು ಹೇಳಿದ್ರೂ ಅಷ್ಟೇ. 'ಹೊರಗೆ ತಂಗಿ ಗಾಡಿ ತುಂಬಿಹೋಗಿದೆ, ಅವಳು ಕಾಯ್ತಿದ್ದಾಳೆ' ಅಂತಿದ್ರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ವಿ."

ಕಾರಿಡಾರಿನ ಗೋಡೆಗೆ ಒರಗಿಕೊಂಡೆ. ಸಿಸ್ಟರ್ ನೀರು ತಂದುಕೊಟ್ಟರು. ಲೋಟ ಹಿಡಿದುಕೊಂಡೇ ಪಾರ್ಕಿಂಗಿಗೆ ಬಂದೆ.

ಗಾಡಿ ಬೇಗ ತುಂಬುತ್ತದೆ ಎಂದವಳು ನಾನು. ಈಗ ನೀನೇ ತಡ ಎಂದವಳು ನಾನು. ಸತ್ತ ಬ್ಯಾಟರಿಯ ಮಾತು ನಂಬಿ ಬದುಕಿರುವವಳನ್ನು ಅವಸರಪಡಿಸಿದೆ.

ಅದೇ ದಿನ, ಸಂಜೆ

ಜಗಳ ಆಡಿದೆ. ಆಡಬಾರದಿತ್ತು.

"ಯಾಕೆ ಸುಳ್ಳು ಹೇಳಿದೆ?"

"ಕಿರುಚಬೇಡ. ಪಕ್ಕದ ಮನೆಯವರು ಏನು ಅಂದ್ಕೋತಾರೆ."

"ತಮಾಷೆಗೆ ಅಂದೆ ಅಕ್ಕ ನಾನು. ತಡ ಅಂತ ತಮಾಷೆಗೆ ಅಂದೆ."

"ತಮಾಷೆ ಅಂತ ನಂಗೆ ಗೊತ್ತಿಲ್ವಾ? ನಿನ್ನನ್ನ ಎತ್ತಿ ಆಡಿಸಿದವಳು ನಾನು." ಉಸಿರು ತೆಗೆದುಕೊಂಡಳು. "ಆ ಹೋಟೆಲಿನವಳ ಮುಂದೆ ನೀನು ಕೈಕಟ್ಟಿ ನಿಂತದ್ದು ನೋಡಿದೆ. ನಮ್ಮಪ್ಪನ ಮುಂದೆಯೂ ನೀನು ಹಾಗೆ ನಿಂತವಳಲ್ಲ. ನನ್ನಿಂದಾಗಿ ನಿಲ್ಲೋದು ಬೇಡ ಅನ್ನಿಸ್ತು." ಕಾಲು ಚಾಚಿಕೊಂಡು, "ಇನ್ನೊಂದು ಹೇಳ್ಲಾ? ಕೊನೇ ಗಂಟೇಲಿ ಕಾಲು ಹಿಡ್ಕೊಂಡು ಪ್ರಾಣ ಹೋಗುತ್ತೆ. ಒಂದು ನೆಪ ಬೇಕಿತ್ತು ಏಳೋದಕ್ಕೆ. ನಿನ್ನ ಗಾಡಿ ಕೊಡ್ತು."

ನನಗೆ ಸಮಾಧಾನ ಆಗಲಿ ಎಂದು ಹೇಳಿದಳೋ, ನಿಜವೋ. ಅವಳ ವಿಷಯದಲ್ಲಿ ಎಂದೂ ಗೊತ್ತಾಗುವುದಿಲ್ಲ.

ಅವಳ ಕಾಲು ನನ್ನ ಮಡಿಲಿಗೆ ಎತ್ತಿಕೊಂಡು ನೀವಿದೆ. ಬೆರಳು ಒತ್ತಿದಲ್ಲೆಲ್ಲ ಗುಳಿ ಬಿತ್ತು. ಆ ಗುಳಿ ತುಂಬಲು ಎಷ್ಟೋ ಹೊತ್ತಾಯಿತು.

ಏಪ್ರಿಲ್ ೧೨, ಶನಿವಾರ. ವಾರ್ಡ್

ಗುರುವಾರ ಪೂರ್ತಿ ನಾಲ್ಕು ಗಂಟೆ ಮಾಡಿಸಿದೆ. ಬಾಗಿಲಲ್ಲೇ ನಿಂತು ಕಾದೆ. ಆದರೂ ನಿನ್ನೆ ಬೆಳಿಗ್ಗೆ ಉಸಿರು ಕಟ್ಟಿತು.

ಶ್ವಾಸಕೋಶಕ್ಕೆ ನೀರು ಹೋಗಿದೆಯಂತೆ. ಹೃದಯ ದಣಿದಿದೆಯಂತೆ. ಇಷ್ಟು ವಾರ ತೆಗೆಯದೆ ಬಿಟ್ಟ ನೀರೆಲ್ಲ ಹೊತ್ತುಕೊಂಡು ಹೊಡೆದುಕೊಂಡಿದೆ ಅದು. ಡಾಕ್ಟರ್ ಚಿಕ್ಕ ವಯಸ್ಸಿನವರು, ಮುಖ ನೋಡಿ ಮಾತಾಡಿದರು. ಅದೊಂದು ಉಪಕಾರ.

"ಸರಿಹೋಗುತ್ತಾ?"

"ನೋಡೋಣಮ್ಮ."

"ಒಂದು ಅಂದಾಜು ಹೇಳಿ ಡಾಕ್ಟರೇ. ಎಷ್ಟು ದಿನಕ್ಕೆ..."

"ಇದಕ್ಕೆಲ್ಲ ಅಂದಾಜು ಹೇಳೋಕಾಗಲ್ಲಮ್ಮ."

ಅಂದಾಜು ಹೇಳುವುದೇ ನನ್ನ ಕಸುಬು ಎಂದು ಮೆರೆದವಳು. ಈಗ ಯಾರಾದರೂ ಹೇಳಲಿ ಎಂದು ಕೈಮುಗಿದು ನಿಂತಿದ್ದೇನೆ. ಯಾರಿಗೂ ಬರುವುದಿಲ್ಲ.

ಅಕ್ಕ ಆಕ್ಸಿಜನ್ ಮಾಸ್ಕಿನ ಒಳಗಿಂದ ಏನೋ ಅಂದಳು. ಕಿವಿ ಕೊಟ್ಟೆ. "ಮೇಡಂಗೆ ಫೋನ್ ಮಾಡಿದ್ಯಾ?"

ಏಪ್ರಿಲ್ ೧೩

ಏನೂ ಬರೆಯಲಾರೆ.

ಏಪ್ರಿಲ್ ೧೯, ಶನಿವಾರ. ಮನೆ

ಕರೆದುಕೊಂಡು ಬಂದೆ. ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದೇನೆ, ಮಲಗಲಾರಳು. ಸೀರೆ ದೊಡ್ಡದಾಗಿ ಕಾಣುತ್ತದೆ ಅವಳಿಗೆ, ಒಳಗೆ ಅವಳು ಎಲ್ಲಿದ್ದಾಳೆ ಎಂದು ಹುಡುಕಬೇಕು.

ಹೋಟೆಲಿನ ಕೆಲಸ ಬೇರೆಯವರಿಗೆ ಹೋಯಿತು. ಯಾವ ಕೆಲಸ ಉಳಿಸಲು ಅವಳು ಎದ್ದು ಬರುತ್ತಿದ್ದಳೋ ಅದೇ ಹೋಯಿತು. ಅವಳಿಗೆ ಹೇಳಿಲ್ಲ. ಸುಳ್ಳು ಹೇಳುವುದು ಈಗ ನನ್ನ ಸರದಿ.

ಗಾಡಿಗೆ ಹೊಸ ಬ್ಯಾಟರಿ ಬಂತು. ಮೆಕ್ಯಾನಿಕ್ ಹಳೆಯದನ್ನು ಕೆಳಗಿಳಿಸಿ ಮೂಲೆಗೆ ತಳ್ಳಿದ. ನೋಡಲು ಚೆನ್ನಾಗಿಯೇ ಇತ್ತು, ಹೊರಗೆ ಒಂದು ಗೀರೂ ಇಲ್ಲ. ಹೊಸದರ ಮೇಲೆ ಕೈಯಿಟ್ಟು, "ಇದು ನಿಧಾನ ಅಕ್ಕ. ಐದು ಗಂಟೆಯಾದ್ರೂ ಬೇಕು. ಬೇಸರ ಮಾಡ್ಕೋಬೇಡಿ," ಎಂದ.

ಬೇಸರವಂತೆ. ಹತ್ತು ಗಂಟೆ ತೆಗೆದುಕೊಳ್ಳಲಿ ಅದು.

ಏಪ್ರಿಲ್ ೨೧, ಸೋಮವಾರ

ನಾಲ್ಕು ಗಂಟೆ, ಪೂರ್ತಿ. ಅವಳು ಮುಗಿಸಿ ಬಂದ ಮೇಲೂ ಗಾಡಿ ಕೆಂಪು. ಹಿಂದೆ ಗಂಟುಗಳಿಲ್ಲ ಈಗ. ಮನೆಯ ಹಾಸಿಗೆಯನ್ನೇ ಹಾಸಿದ್ದೆ. ಖಾಲಿ ನೋಡಿ ಅವಳಿಗೆ ಎಲ್ಲ ಗೊತ್ತಾಯಿತು. ನನ್ನ ತಲೆ ಎಳೆದುಕೊಂಡು ಜಡೆ ಬಿಚ್ಚಿದಳು. ಹೆಣೆಯಲು ಹೋದಳು, ಕೈ ಸೋತಿತು, ಅರ್ಧಕ್ಕೇ ಬಿಟ್ಟಳು. ಹಾಗೆಯೇ ಇಟ್ಟುಕೊಂಡು ಗಾಡಿ ಓಡಿಸಿದೆ.

ಹೋದ ಅರ್ಧ ಗಂಟೆ ವಾಪಸು ಬಂದ ಹಾಗಿತ್ತು. ನನಗೆ ಇಷ್ಟೇ ಸಾಕು. ಇಷ್ಟನ್ನು ಉಳಿಸಿಕೊಡು ಎಂದು ಯಾರನ್ನು ಕೇಳಬೇಕೋ ಗೊತ್ತಿಲ್ಲ.

ಏಪ್ರಿಲ್ ೨೪, ಗುರುವಾರ. ಪಾರ್ಕಿಂಗ್

ಪ್ಲಗ್ ಹಾಕಿದೆ. ಕೆಂಪು ದೀಪ. ಮಾವ ಕೆಟಲ್ ಕಿತ್ತುಕೊಟ್ಟು, "ಎಷ್ಟೊತ್ತಮ್ಮ?" ಎಂದರು, ಮೆಲ್ಲಗೆ.

"ಐದು."

"ನಾನೂ ಐದೇ ಅಂತೀನಿ." ಪಂದ್ಯ ಕಟ್ಟಲಿಲ್ಲ.

ಅಕ್ಕ ಗಾಲಿಕುರ್ಚಿಯಲ್ಲಿ ಹೋದಳು. ಬೆಳಿಗ್ಗೆಯಿಂದ ಮುಖ ಬಿಳಿಚಿದೆ. ಬಾಗಿಲ ಹತ್ತಿರ ನಿಲ್ಲಿಸಿ ಹೇಳಿದೆ — ನಾಲ್ಕು ಗಂಟೆ. ಅರ್ಧಕ್ಕೆ ಎದ್ದೆಯೋ, ನಾನೇ ಒಳಗೆ ಬಂದು ಕೂರುತ್ತೇನೆ.

"ಬಾ. ಪಕ್ಕದ ಮೆಷಿನ್ ಖಾಲಿ ಇದೆ."

"ಮಾತು ಕೊಡು."

"ಕೊಟ್ಟೆ ಕಣೆ. ಇವತ್ತು ನಿನ್ನ ಗಾಡಿನೇ ಗೆಲ್ಲಲಿ."

"ಅದು ಐದು ಗಂಟೆಯದು. ನೀನೇ ಗೆಲ್ಲೋದು."

"ಪಾಪ," ಎಂದಳು. ಗಾಡಿಗೋ ನನಗೋ.

ಹಿಂದೆ ಹಾಸಿಗೆ ಕೊಡವಿ ಹಾಸಿದೆ. ದಿಂಬು ಎರಡು. ಬಾಚಣಿಗೆ ತಂದಿದ್ದೇನೆ, ಅವಳಿಗೆ ಕೈ ಬಂದರೆ ಹೆಣೆಯಲಿ, ಇಲ್ಲದಿದ್ದರೆ ನಾನು ಅವಳದನ್ನು ಹೆಣೆಯುತ್ತೇನೆ. ಅವಳಷ್ಟು ಬಿಗಿಯಾಗಿ ಬರುವುದಿಲ್ಲ ನನಗೆ.

ಈಗ ಮೀಟರಿನಲ್ಲಿ ಐದನೇ ಗೆರೆ. ಲೆಕ್ಕ ಸರಿಯಾಗಿದೆ. ಎರಡು ಗಂಟೆ ಕಳೆಯಿತು, ಅವಳದು ಇನ್ನೆರಡು, ಗಾಡಿಯದು ಮೂರು.

ಸಿಸ್ಟರ್ ಬಾಗಿಲಿಗೆ ಬಂದರು.

ಇಷ್ಟು ಬೇಗ ಯಾಕೆ. ಮತ್ತೆ ಬಿಡಿಸಿಕೊಂಡಳು ಅಂತ ಕಾಣುತ್ತದೆ, ಮಾತು ಕೊಟ್ಟವಳು. ಕಾಲು ಹಿಡಿದುಕೊಂಡಿರಬೇಕು. ಬರಲಿ, ಇವತ್ತು ಬಿಡುವುದಿಲ್ಲ ಅವಳನ್ನು.

ಕೈ ಬೀಸಲಿಲ್ಲ. ಮೆಟ್ಟಿಲಿಳಿದು ಈ ಕಡೆಗೇ ಬರುತ್ತಿದ್ದಾರೆ. ಮಾವ ಕುರ್ಚಿಯಿಂದ ಎದ್ದು ನಿಂತರು. ದೀಪ ಇನ್ನೂ ಕೆಂಪಗಿದೆ. ಎರಡು ಗಂಟೆ ಬಾಕಿ ಇದೆ, ಇನ್ನೂ ಎರಡು